ಸಂಜೆಮಲ್ಲಿಗೆಯ ಪಾತಿಯಿಂದ ಮನೆತನದ ವಂಶವೃಕ್ಷದವರೆಗೆ: ಆನುವಂಶೀಯತೆಯನ್ನು ಎಣಿಸಿ ತಿಳಿಯುವ ಬಗೆ

ಮಗು ಹುಟ್ಟಿದ ಮನೆಗೆ ನೋಡಲು ಬಂದವರು ತೊಟ್ಟಿಲಿನತ್ತ ಬಗ್ಗಿ, ಮೂಗು ಅಜ್ಜನದು, ಬಣ್ಣ ತಾಯಿಯದು, ಹಟ ಮಾತ್ರ ಸೋದರಮಾವನದು ಎಂದು ಪಾಲು ಹಂಚಿಬಿಡುತ್ತಾರೆ. ಕೇಳಲು ಹಿತವಾದ ಈ ಹಂಚಿಕೆಯಿಂದ ಆನುವಂಶೀಯತೆಯ ನಿಯಮ ತಿಳಿಯುವುದಿಲ್ಲ, ಏಕೆಂದರೆ ಹೋಲಿಕೆಯನ್ನು ಹುಡುಕುವ ಕಣ್ಣಿಗೆ ಹೋಲಿಕೆ ಸಿಕ್ಕೇ ಸಿಗುತ್ತದೆ. ನಿಯಮ ಸಿಗುವುದು ಎಣಿಕೆಯಲ್ಲಿ. ಬ್ರನೋ ಪಟ್ಟಣದ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿ ಬೆಳೆದ ಗ್ರೆಗರ್ ಮೆಂಡೆಲ್ ಮಾಡಿದ ಹೊಸ ಕೆಲಸವೂ ಅದೇ. ಗುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಬಂದವೆಲ್ಲ ಗುಂಡು ಕಾಳುಗಳೇ. ಆ ಗಿಡಗಳು ತಮ್ಮ ಪರಾಗದಿಂದಲೇ ಕಟ್ಟಿದ ಕಾಳುಗಳನ್ನು ಎಣಿಸಿದಾಗ 5474 ಗುಂಡಾಗಿಯೂ 1850 ಸುಕ್ಕಾಗಿಯೂ ಇದ್ದವು. ಮೂರಕ್ಕೆ ಒಂದು ಎಂಬ ಪ್ರಮಾಣ ಅಲ್ಲಿಂದ ಬಂತು.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಿತ್ತಲು, ತೋಟ ಮತ್ತು ಮನೆಗಳಲ್ಲಿ ಇದೇ ಎಣಿಕೆಯನ್ನು ಮಾಡುವ ಬಗೆ ಹೇಗೆಂದು ಇಲ್ಲಿ ಬರೆದಿದ್ದೇನೆ. ಪ್ರೌಢಶಾಲೆಯಲ್ಲಿ ಹಲವು ವರ್ಷ ಜೀವಶಾಸ್ತ್ರ ಪಾಠ ಮಾಡಿದವನಾದ್ದರಿಂದ, ಕಲಿಯುವವರು ಎಲ್ಲಿ ಎಡವುತ್ತಾರೆ ಎಂಬುದು ನನಗೆ ಸ್ವಲ್ಪಮಟ್ಟಿಗೆ ಗೊತ್ತಿದೆ. ಅಂಥ ಕಡೆಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕೆಲಸಕ್ಕೆ ಬೇಕಾದ ಮೂಲ ತತ್ವ ಚಿಕ್ಕದು. ಒಂದು ಗುಣವನ್ನು ನಿರ್ಧರಿಸುವ ಜೀನ್ ಜೀವಿಯಲ್ಲಿ ಜೋಡಿಯಾಗಿರುತ್ತದೆ. ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಆ ಜೀವಿ ತಾನೇ ಅಂಡವನ್ನೋ ಪರಾಗವನ್ನೋ ವೀರ್ಯಾಣುವನ್ನೋ ತಯಾರಿಸುವಾಗ ಜೋಡಿ ಬೇರ್ಪಟ್ಟು, ಪ್ರತಿಯೊಂದಕ್ಕೂ ಯಾವುದಾದರೂ ಒಂದೇ ಸೇರುತ್ತದೆ. ಎರಡು ರೂಪಗಳು ಒಟ್ಟಿಗಿದ್ದಾಗ ಹೊರಗೆ ಕಾಣುವುದನ್ನು ಪ್ರಬಲ ಎಂದೂ, ಅಡಗಿ ಕೂರುವುದನ್ನು ದುರ್ಬಲ ಎಂದೂ ಕರೆಯುತ್ತಾರೆ. ಈ ಹೆಸರುಗಳೇ ಮೊದಲ ಎಡವುಗಲ್ಲು. ಪ್ರಬಲವೆಂದರೆ ಒಳ್ಳೆಯದೆಂದಾಗಲಿ, ಊರಲ್ಲಿ ಹೆಚ್ಚು ಜನರಲ್ಲಿರುವುದೆಂದಾಗಲಿ ಅರ್ಥವಲ್ಲ. ಜೀನುಗಳಿರುವ ಕ್ರೋಮೋಸೋಮುಗಳ ಸಂಖ್ಯೆಯಿಂದಲೂ ಜೀವಿಯ ಯೋಗ್ಯತೆಯನ್ನು ಅಳೆಯಲು ಹೋಗಬಾರದು. ಅರೇಬಿಕಾ ಕಾಫಿಗೆ 44, ಮನುಷ್ಯನಿಗೆ 46, ಹಾಸನದ ಹೊಲದ ಆಲೂಗಡ್ಡೆಗೆ 48.

ಹಿತ್ತಲಿನಲ್ಲಿ ಮಾಡುವ ಪ್ರಯೋಗ

ಇದಕ್ಕೆ ಬಟಾಣಿಯೇ ಬೇಕೆಂದಿಲ್ಲ, ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟಿ ಬೆಳೆಯುವ ಸಂಜೆಮಲ್ಲಿಗೆ ಸಾಕು. ಮೆಂಡೆಲನ ನಿಯಮವನ್ನು 1900ರಲ್ಲಿ ಮತ್ತೆ ಕಂಡುಕೊಂಡ ಮೂವರಲ್ಲಿ ಒಬ್ಬನಾದ ಕಾರ್ಲ್ ಕೊರೆನ್ಸ್ ಕೆಲಸ ಮಾಡಿದ್ದು ಈ ಗಿಡದ ಮೇಲೆಯೂ ಹೌದು. ಇದರಲ್ಲಿ ಕೆಂಪು ಹೂವಿನ ಜೀನ್ ಬಿಳಿಯದನ್ನು ಪೂರ್ತಿ ಮುಚ್ಚಲಾರದ ಕಾರಣ ಮಿಶ್ರ ಗಿಡದ ಹೂವು ಗುಲಾಬಿ ಬಣ್ಣದ್ದಾಗುತ್ತದೆ. ಆದ್ದರಿಂದ ಒಳಗೆ ಏನಿದೆ ಎಂಬುದು ಹೊರಗಿನಿಂದಲೇ ಕಾಣುತ್ತದೆ. ಹೊಸದಾಗಿ ಕಲಿಯುವವರಿಗೆ ಇಷ್ಟು ಅನುಕೂಲದ ಗಿಡ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಮೊದಲು ಶುದ್ಧ ತಳಿಯನ್ನು ಖಚಿತಪಡಿಸಿಕೊಳ್ಳಬೇಕು. ಒಂದು ಕೆಂಪು ಗಿಡವನ್ನೂ ಒಂದು ಬಿಳಿ ಗಿಡವನ್ನೂ ಆರಿಸಿ, ತೆಳು ಬಟ್ಟೆಯ ಚೀಲ ಕಟ್ಟಿದ ಕೊಂಬೆಯಲ್ಲಿ ಅವುಗಳ ಸ್ವಂತ ಬೀಜ ಪಡೆದು, ಅದನ್ನು ಬಿತ್ತಿ, ಬಂದ ಗಿಡಗಳೆಲ್ಲ ತಾಯಿಯ ಬಣ್ಣವನ್ನೇ ತಳೆದವೇ ಎಂದು ನೋಡಬೇಕು. ಹಳದಿ ಹೂವಿನ ಗಿಡಗಳನ್ನೂ, ಬರೆ ಅಥವಾ ಚುಕ್ಕೆ ಬಿದ್ದ ಹೂವಿನವುಗಳನ್ನೂ ಈ ಲೆಕ್ಕದಿಂದ ದೂರವಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಬೇರೆ ಜೀನುಗಳೂ ಕೈಯಾಡಿಸಿ ಎಣಿಕೆ ಕೆಡುತ್ತದೆ. ಗೆಡ್ಡೆಯಿಂದ ಚಿಗುರಿದ ಗಿಡವನ್ನು ಮರಿಯೆಂದು ಎಣಿಸಬಾರದು, ಅದು ತಾಯಿಯೇ.

ಕೂಡಿಸುವ ಕೆಲಸವನ್ನು ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗಿನ ದಿನಗಳಲ್ಲಿ ಮಾಡಹೊರಟರೆ ಮಲೆನಾಡಿನಲ್ಲಿ ಪರಾಗ ಒದ್ದೆಯಾಗಿ ಶ್ರಮ ವ್ಯರ್ಥ. ಮಳೆ ಹಿಂದಾದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಗಿಡದ ಬಳಿ ಕುಳಿತು, ಅಂದು ಸಂಜೆ ಅರಳಲಿರುವ ಉಬ್ಬಿದ ಮೊಗ್ಗನ್ನು ಗುರುತಿಸಬೇಕು. ಕೆಂಪು ಗಿಡದ ಅಂಥ ಮೊಗ್ಗನ್ನು ಸೂಜಿಯಿಂದ ಉದ್ದಕ್ಕೆ ಸೀಳಿದರೆ ಒಳಗೆ ಸುರುಳಿ ಸುತ್ತಿಕೊಂಡ ಐದು ಕೇಸರಗಳೂ ಅವುಗಳ ನಡುವೆ ಪರಾಗವನ್ನು ಪಡೆಯುವ ಹೆಣ್ಣು ಭಾಗವಾದ ಒಂದು ಶಲಾಕೆಯೂ ಕಾಣುತ್ತವೆ. ಕೇಸರದ ತುದಿಯ ಪರಾಗಚೀಲಗಳು ಒಡೆಯುವ ಮೊದಲೇ ಐದನ್ನೂ ಚಿಮಟದಿಂದ ಕಿತ್ತುಹಾಕಬೇಕು. ನಾಲ್ಕನ್ನು ಕಿತ್ತು ಐದನೆಯದನ್ನು ಮರೆಯುವುದು ಸಾಮಾನ್ಯ. ನನ್ನ ಮೊದಲ ವರ್ಷದ ಬೀಜಗಳಲ್ಲಿ ಅರ್ಧಕ್ಕರ್ಧ ಹಾಗೆಯೇ ಹಾಳಾದವು. ಕಿತ್ತ ಮೇಲೆ ಮೊಗ್ಗಿಗೆ ಚೀಲ ಕಟ್ಟಿ, ಸಂಜೆ ಐದರ ನಂತರ ಬಿಳಿ ಗಿಡದಿಂದ ಆಗ ತಾನೇ ಅರಳಿದ ಹೂವನ್ನು ತಂದು, ಅದರ ಪರಾಗವನ್ನು ಶಲಾಕೆಯ ತುದಿಗೆ ಮೃದುವಾಗಿ ಉಜ್ಜಿ, ತೊಟ್ಟಿಗೆ ಬಣ್ಣದ ದಾರದ ಗುರುತು ಹಾಕಿ ಮತ್ತೆ ಚೀಲ ಕಟ್ಟಬೇಕು. ಮರುದಿನ ಹೂವು ಬಾಡಿದ ಮೇಲೆ ಚೀಲ ತೆಗೆಯಬಹುದು.

ಒಂದು ಹೂವಿಗೆ ಒಂದೇ ಬೀಜ. ಕರಿಮೆಣಸಿನ ಕಾಳನ್ನೇ ಹೋಲುವ ಈ ಬೀಜ ಮಾಗಿ ಕಪ್ಪಾದೊಡನೆ ಮುಟ್ಟಿದರೆ ಉದುರುತ್ತದೆ. ಬೀಜ ಮತ್ತು ಗೆಡ್ಡೆ ಎರಡೂ ವಿಷವಾದ್ದರಿಂದ, ಮೆಣಸು ಒಣಗಿಸುವ ಅಂಗಳದಲ್ಲಿ ಇದನ್ನು ಒಣಹಾಕಬಾರದು, ಮಕ್ಕಳ ಕೈಗೂ ಸಿಗಬಾರದು.

ಈ ಬೀಜಗಳಿಂದ ಬರುವ ಮೊದಲ ಪೀಳಿಗೆ ಪೂರ್ತಿ ಗುಲಾಬಿ. ಬಿಳಿಯನ್ನು ತಾಯಿಯಾಗಿಯೂ ಕೆಂಪನ್ನು ತಂದೆಯಾಗಿಯೂ ಮಾಡಿ ಕೂಡಿಸಿದರೂ ಇದೇ ಫಲ ಸಿಗುವುದರಿಂದ, ಈ ಗುಣದಲ್ಲಿ ತಂದೆತಾಯಿಯರ ಪಾಲು ಸಮವೆಂದು ಸಿದ್ಧವಾಗುತ್ತದೆ. ಎಲೆಯಲ್ಲಿ ಬಿಳಿ ಮಚ್ಚೆಗಳಿರುವ ಸಂಜೆಮಲ್ಲಿಗೆಯಲ್ಲಿ ಮಾತ್ರ ಹಾಗಲ್ಲ. ಆ ಗುಣ ತಾಯಿಯ ಕಡೆಯಿಂದಲೇ ಬರುತ್ತದೆಂದು ಕೊರೆನ್ಸ್ 1909ರಲ್ಲಿ ತೋರಿಸಿದ. ಎಲೆಗೆ ಹಸಿರು ಕೊಡುವ ಕಣಗಳು ಈ ಗಿಡದಲ್ಲಿ ಅಂಡದ ಮೂಲಕವೇ ಸಾಗುತ್ತವೆ, ಪರಾಗದ ಮೂಲಕವಲ್ಲ.

ಗುಲಾಬಿ ಗಿಡಗಳನ್ನು ಅವುಗಳ ಪಾಡಿಗೆ ಬಿಟ್ಟು ಚೀಲ ಕಟ್ಟಿದರೆ, ಹೂವು ಮುದುಡುವಾಗ ಕೇಸರ ಮತ್ತು ಶಲಾಕೆ ಒಟ್ಟಿಗೆ ಸುತ್ತಿಕೊಂಡು ಸ್ವಕೀಯ ಪರಾಗಸ್ಪರ್ಶವಾಗುತ್ತದೆ. ಆ ಬೀಜಗಳನ್ನು ಬಿತ್ತುವ ಮೊದಲು ಲೆಕ್ಕವನ್ನು ಕಾಗದದ ಮೇಲೆ ಮಾಡಿಟ್ಟುಕೊಳ್ಳಿ. ಕೆಂಪಿನ ಜೀನಿಗೆ ‘ಕ’, ಬಿಳಿಯದಕ್ಕೆ ‘ಬ’ ಎಂದರೆ ಗುಲಾಬಿ ಗಿಡ ‘ಕಬ’. ಒಂದು ಚೌಕವನ್ನು ನಾಲ್ಕು ಮನೆಗಳಾಗಿ ಮಾಡಿ, ಮೇಲೆ ಪರಾಗದ ಕ, ಬ ಎಂದೂ, ಎಡಕ್ಕೆ ಅಂಡದ ಕ, ಬ ಎಂದೂ ಬರೆದು ತುಂಬಿದರೆ ಕಕ, ಕಬ, ಬಕ, ಬಬ ಬರುತ್ತವೆ. ಕಬ ಮತ್ತು ಬಕ ಒಂದೇ ಆದ್ದರಿಂದ ಒಂದು ಪಾಲು ಕೆಂಪು, ಎರಡು ಪಾಲು ಗುಲಾಬಿ, ಒಂದು ಪಾಲು ಬಿಳಿ. ಗಿಡ ಬೆಳೆಯುವವರೆಗೆ ಕಾಯಲಾರದ ಮಕ್ಕಳು ನಾಣ್ಯದ ಒಂದು ಮುಖ ಕ, ಇನ್ನೊಂದು ಬ ಎಂದುಕೊಂಡು, ಎರಡು ನಾಣ್ಯಗಳನ್ನು ಒಟ್ಟಿಗೆ ನಲವತ್ತು ಸಲ ಚಿಮ್ಮಿ ಇದನ್ನೇ ನೋಡಬಹುದು.

ನಲವತ್ತು ಗಿಡಗಳಲ್ಲಿ ನಿರೀಕ್ಷೆ 10, 20, 10. ನಿಮಗೆ 13 ಕೆಂಪು, 18 ಗುಲಾಬಿ, 9 ಬಿಳಿ ಬಂದವೆನ್ನಿ. ನಿಯಮ ತಪ್ಪಾಯಿತೇ? ಪ್ರತಿ ಬಣ್ಣದಲ್ಲೂ ನಿರೀಕ್ಷೆಗೂ ಎಣಿಕೆಗೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ನಿರೀಕ್ಷೆಯಿಂದ ಭಾಗಿಸಿ, ಮೂರನ್ನೂ ಕೂಡಿ: 9/10, 4/20, 1/10, ಒಟ್ಟು 1.2. ಮೂರು ಬಗೆಗಳಿರುವಾಗ ಈ ಮೊತ್ತ 5.99ರ ಒಳಗಿದ್ದರೆ ವ್ಯತ್ಯಾಸವನ್ನು ಆಕಸ್ಮಿಕವೆಂದು ಒಪ್ಪುವುದು ವಾಡಿಕೆ. 20 ಕೆಂಪು, 20 ಗುಲಾಬಿ ಬಂದು ಬಿಳಿ ಒಂದೂ ಬರದಿದ್ದರೆ ಮೊತ್ತ 20 ಆಗುತ್ತದೆ. ಆಗ ನಿಯಮವನ್ನು ದೂರುವ ಮೊದಲು ಚೀಲ ಸಡಿಲವಾಗಿತ್ತೇ, ಬೀಜ ಬೆರೆಯಿತೇ ಎಂದು ಹುಡುಕಬೇಕು.

ತೋಟದಲ್ಲಿ ಇದೇ ಲೆಕ್ಕ

ಕಾಫಿ ಬೆಳೆಗಾರರಿಗೆ ಈ ತತ್ವ ಬೀಜ ಆರಿಸುವಾಗ ಬೇಕಾಗುತ್ತದೆ. ಅರೇಬಿಕಾ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ; ಗಾಳಿ ಮತ್ತು ಜೇನುಗಳು ಬೇರೆ ಗಿಡದ ಪರಾಗವನ್ನು ತರಬೇಕು. ಆದ್ದರಿಂದ ಒಳ್ಳೆಯ ಅರೇಬಿಕಾ ಗಿಡದ ಬೀಜ ಹೆಚ್ಚುಕಡಿಮೆ ತಾಯಿಯನ್ನೇ ಹೋಲುತ್ತದೆ, ಒಳ್ಳೆಯ ರೋಬಸ್ಟಾ ಗಿಡದ ಬೀಜ ಹೋಲಬೇಕೆಂದಿಲ್ಲ. ಹಾಗೆಂದು ಒಂದೇ ರೋಬಸ್ಟಾ ಗಿಡದ ಕಡ್ಡಿಗಳಿಂದ ಇಡೀ ಪಟ್ಟೆಯನ್ನು ತುಂಬಿಸಿದರೆ, ಎಲ್ಲವೂ ಒಂದೇ ಗಿಡವಾದ್ದರಿಂದ, ಹೂಮಳೆಗೆ ತೋಟವೆಲ್ಲ ಬೆಳ್ಳಗಾದರೂ ಕಾಯಿ ಕಚ್ಚುವುದಿಲ್ಲ.

ಗಿಡ್ಡ ತಳಿಯಲ್ಲಿ ಇನ್ನೂ ಚೆಂದದ ತರ್ಕವಿದೆ. ಕಾವೇರಿ ಎಂಬ ಅರೇಬಿಕಾ ತಳಿಗೆ ಗಿಡ್ಡತನ ಬಂದದ್ದು ಕತುರಾ ಎಂಬ ತಳಿಯಿಂದ, ಮತ್ತು ಅದು ಒಂದೇ ಪ್ರಬಲ ಜೀನಿನ ಗುಣ. ನೀವು ಎಸ್. 795 ಎಂಬ ಎತ್ತರದ ಅರೇಬಿಕಾ ತಳಿಯ ಗಿಡದಿಂದ ಬೀಜ ತೆಗೆದು ಪಾತಿಯಲ್ಲಿ ಹಾಕಿದಾಗ ಅಲ್ಲೊಂದು ಇಲ್ಲೊಂದು ಗಿಡ್ಡ ಸಸಿ ಬಂದರೆ, ಬೀಜ ಬೆರಕೆಯಾಗಿಲ್ಲದ ಪಕ್ಷದಲ್ಲಿ, ಪಕ್ಕದ ಕಾವೇರಿಯ ಪರಾಗ ಬಂದಿದೆ ಎಂದರ್ಥ. ಗಿಡ್ಡ ಗಿಡದ ಬೀಜದಲ್ಲಿ ಎತ್ತರದ ಸಸಿಗಳು ಬಂದರೆ ಪಕ್ಕದ ತೋಟದವರನ್ನು ದೂರಿ ಪ್ರಯೋಜನವಿಲ್ಲ. ತಾಯಿ ಶುದ್ಧವಾಗಿದ್ದರೆ ಹೊರಗಿನ ಪರಾಗ ಬಂದರೂ ಮೊದಲ ಪೀಳಿಗೆ ಗಿಡ್ಡವೇ ಆಗಬೇಕಿತ್ತು. ನೂರರಲ್ಲಿ ಇಪ್ಪತ್ತೈದರಷ್ಟು ಎತ್ತರದವು ಬಂದಿದ್ದರೆ ತಾಯಿಯೇ ಮಿಶ್ರ. ಅಂಥ ಗಿಡವನ್ನು ಬೀಜಕ್ಕೆ ಬಿಡಬಾರದು.

ಎಲೆ ತುಕ್ಕು ರೋಗವನ್ನು ತಡೆಯುವ ಶಕ್ತಿಯೂ ಜೀನುಗಳಾಗಿಯೇ ಸಾಗುತ್ತದೆ. ಎಸ್. 795ರ ಒಂದು ಕಡೆಯ ಹಿರಿಯ ಕೆಂಟ್ಸ್ ತಳಿ. ಇನ್ನೊಂದು ಕಡೆಯಿಂದ ಲೈಬೀರಿಕಾ ಕಾಫಿಯ ರೋಗನಿರೋಧಕ ಜೀನ್ ಅದಕ್ಕೆ ಬಂದಿದೆ. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯು. ಡಬ್ಲ್ಯು. ಮೇಯ್ನ್ ಅವರು 1930ರ ದಶಕದಲ್ಲಿ ತುಕ್ಕಿನ ಶಿಲೀಂಧ್ರದಲ್ಲೂ ಬೇರೆ ಬೇರೆ ಬಗೆಗಳಿವೆಯೆಂದು ತೋರಿಸಿದರು. ಒಂದು ಬಗೆಯನ್ನು ತಡೆಯುವ ಜೀನ್ ಇನ್ನೊಂದನ್ನು ತಡೆಯದಿರಬಹುದು; ಒಂದು ಕಾಲಕ್ಕೆ ಗಟ್ಟಿಯೆನಿಸಿದ ತಳಿ ಮುಂದೆ ರೋಗಕ್ಕೆ ಬಾಗುವುದು ಹೀಗೆ.

ಬಯಲು ಸೀಮೆಯ ಕಡೆಯವರಿಗೆ ಎರಡು ಮಾತು. ಹೈಬ್ರಿಡ್ ಮುಸುಕಿನ ಜೋಳ ಮೊದಲ ಪೀಳಿಗೆಯ ಬೀಜವಾದ್ದರಿಂದ, ಅದರ ಕಾಳನ್ನು ಮುಂದಿನ ವರ್ಷ ಬಿತ್ತಿದರೆ ನಮ್ಮ ಗುಲಾಬಿ ಸಂಜೆಮಲ್ಲಿಗೆಯಂತೆಯೇ ಗುಣಗಳು ಚದುರುತ್ತವೆ, ಇಳುವರಿ ಬೀಳುತ್ತದೆ. ಆಲೂಗಡ್ಡೆಯನ್ನು ಗೆಡ್ಡೆಯಿಂದ ಬೆಳೆಸುವುದರಿಂದ ಚದುರುವ ಪ್ರಶ್ನೆಯಿಲ್ಲ, ಆದರೆ ಎಲ್ಲವೂ ಒಂದೇ ಜೀನ್ ಹೊತ್ತಿರುವ ಹೊಲಕ್ಕೆ ಅಂಗಮಾರಿ ಬಿದ್ದರೆ ಉಳಿಯುವ ಸಾಲೂ ಇರುವುದಿಲ್ಲ.

ಮನೆತನದ ವಂಶವೃಕ್ಷ ಬರೆಯುವುದು

ಮನುಷ್ಯರನ್ನು ಕೂಡಿಸಿ ಪ್ರಯೋಗ ಮಾಡಲಾಗದ ಕಾರಣ, ಆಗಿಹೋದದ್ದನ್ನು ಬರೆದು ಓದುವುದೊಂದೇ ದಾರಿ. ದೊಡ್ಡ ಹಾಳೆಯಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಇಳಿಗೆರೆ, ಸಂಬಂಧದೊಳಗಿನ ಮದುವೆಗೆ ಜೋಡಿ ಅಡ್ಡಗೆರೆ. ನೀವು ಹುಡುಕುತ್ತಿರುವ ಗುಣವಿರುವವರ ಗುರುತನ್ನು ಕಪ್ಪಾಗಿ ತುಂಬಿ. ಮನೆಯ ಅತಿ ಹಿರಿಯರಿಂದ ಆರಂಭಿಸಿ, ಕೂಸಿನಲ್ಲೇ ತೀರಿಕೊಂಡವರನ್ನೂ ಬಿಡದೆ ಕೇಳಿ. ಅಜ್ಜಿಯರು ಬದುಕಿರುವವರ ಲೆಕ್ಕ ಕೊಟ್ಟು ಸುಮ್ಮನಾಗುತ್ತಾರೆ, “ಒಟ್ಟು ಎಷ್ಟು ಬಾಣಂತನ ಆಯಿತು, ಅಜ್ಜಿ?” ಎಂದು ಕೇಳಿದರೆ ಉಳಿದದ್ದು ಹೊರಬರುತ್ತದೆ.

ಇಲ್ಲಿ ನಮ್ಮ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ತಂದೆಯ ತಮ್ಮನೂ ಚಿಕ್ಕಪ್ಪ, ತಾಯಿಯ ತಂಗಿಯ ಗಂಡನೂ ಚಿಕ್ಕಪ್ಪ. ಮೊದಲನೆಯವರೊಡನೆ ನಿಮಗೆ ರಕ್ತಸಂಬಂಧವುಂಟು, ಎರಡನೆಯವರೊಡನೆ ಸಾಮಾನ್ಯವಾಗಿ ಇಲ್ಲ. ಅತ್ತೆಯೆಂದರೆ ತಂದೆಯ ತಂಗಿಯೂ ಆಗಬಹುದು, ಸೋದರಮಾವನ ಹೆಂಡತಿಯೂ ಆಗಬಹುದು. ದೊಡ್ಡಪ್ಪನ ಮಗನನ್ನು ಅಣ್ಣನೆಂದೇ ಕರೆಯುತ್ತೇವೆ. ಆದ್ದರಿಂದ ಪ್ರತಿ ಹೆಸರಿನ ಮುಂದೆ “ಯಾರ ಹೊಟ್ಟೆಯಲ್ಲಿ ಹುಟ್ಟಿದವರು?” ಎಂದು ಕೇಳಿ ಬರೆಯದೆ ಗೆರೆ ಎಳೆಯಬೇಡಿ. ಗೋತ್ರವೂ ಇಲ್ಲಿ ಸಾಕಾಗದು. ಅದು ತಂದೆಯ ಸಾಲನ್ನು ಮಾತ್ರ ಹಿಡಿದು ಹೋಗುತ್ತದೆ, ಜೀನುಗಳು ಎರಡೂ ಕಡೆಯಿಂದ ಬರುತ್ತವೆ.

ಹಾಳೆ ತುಂಬಿದ ಮೇಲೆ ಕಪ್ಪು ಗುರುತುಗಳು ಹೇಗೆ ಬಿದ್ದಿವೆಯೆಂದು ನೋಡಿ. ಪೀಳಿಗೆ ತಪ್ಪದೆ, ಗಂಡುಹೆಣ್ಣೆಂಬ ಭೇದವಿಲ್ಲದೆ, ಗುಣವಿರುವ ತಂದೆ ಅಥವಾ ತಾಯಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಂಡರೆ ಅದು ಪ್ರಬಲ ಜೀನಿನ ಲಕ್ಷಣ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿರುವ, ಕೀಲು ಮತ್ತು ಎಲುಬುಗಳನ್ನು ಕಾಡುವ ಹಂದಿಗೋಡು ಕಾಯಿಲೆ ಇದಕ್ಕೆ ಹತ್ತಿರದ ಉದಾಹರಣೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಮೊದಲು ಗಮನಕ್ಕೆ ಬಂದಾಗ ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ ಸಂಶಯವಿತ್ತು. ಕುಟುಂಬಗಳ ವಂಶವೃಕ್ಷಗಳನ್ನು ಬರೆದು ನೋಡಿದಾಗ ಅದು ಪ್ರಬಲ ಜೀನಿನಂತೆ ಸಾಗುವುದು ಕಂಡುಬಂತು.

ತಂದೆತಾಯಿ ಇಬ್ಬರೂ ಆರೋಗ್ಯವಾಗಿದ್ದು ಮಕ್ಕಳಲ್ಲಿ ಒಬ್ಬರಿಗೆ ಕಾಯಿಲೆ ಕಂಡರೆ ದುರ್ಬಲ ಜೀನನ್ನು ಶಂಕಿಸಬೇಕು. ಇಬ್ಬರೂ ಅದನ್ನು ಒಳಗೇ ಹೊತ್ತವರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ರಕ್ತದ ಕಾಯಿಲೆಗಳಾದ ಥಲಸ್ಸೀಮಿಯಾ, ಕುಡಗೋಲು ಕಣ ರಕ್ತಹೀನತೆ ಇಂಥವು. ಪ್ರತಿ ಮಗುವಿಗೂ ಎಂಬ ಪದವನ್ನು ಗಮನಿಸಿ. ಮೊದಲನೆಯದಕ್ಕೆ ಬಂದುಹೋಯಿತು, ಇನ್ನು ಮೂರಕ್ಕೆ ಭಯವಿಲ್ಲ ಎಂದುಕೊಳ್ಳುವವರನ್ನು ನಾನು ಕಂಡಿದ್ದೇನೆ. ನಾಣ್ಯಕ್ಕೆ ಹಿಂದಿನ ಚಿಮ್ಮುವಿಕೆಯ ನೆನಪಿರುವುದಿಲ್ಲ. ಅಂಥ ದಂಪತಿಗೆ ನಾಲ್ಕು ಮಕ್ಕಳಾಗಿ ಒಬ್ಬರಿಗೂ ಕಾಯಿಲೆ ಬಾರದಿರುವ ಸಂಭವ 256ರಲ್ಲಿ 81, ಅಂದರೆ ನೂರಕ್ಕೆ ಸುಮಾರು 32. ಮನೆಯಲ್ಲಿ ಯಾರಿಗೂ ಇಲ್ಲವೆಂಬ ಮಾತಿನಿಂದ ಜೀನ್ ಇಲ್ಲವೆಂದು ಹೇಳಲಾಗದು.

ಸಂಬಂಧದೊಳಗಿನ ಮದುವೆಯ ಲೆಕ್ಕವೂ ಇಲ್ಲಿಂದಲೇ ಹುಟ್ಟುತ್ತದೆ. ಅಜ್ಜಿಯೊಬ್ಬರು ದುರ್ಬಲ ಜೀನೊಂದನ್ನು ಹೊತ್ತಿದ್ದಾರೆ, ಅಜ್ಜ ಹೊತ್ತಿಲ್ಲ ಎನ್ನಿ. ಅವರ ಮಗನಿಗೆ ಅದು ಬಂದಿರುವ ಸಂಭವ 1/2, ಮಗಳ ಮಗಳಿಗೆ 1/4. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ ಮಗುವಿಗೆ ಕಾಯಿಲೆಯ ಸಂಭವ 1/2, 1/4 ಮತ್ತು 1/4ರ ಗುಣಲಬ್ಧ, ಅಂದರೆ 1/32. ಅತ್ತೆಯ ಮಗಳು, ಮಾವನ ಮಗ ಮದುವೆಯಾದರೆ 1/64. ಊರಿನಲ್ಲಿ ನೂರಕ್ಕೆ ಒಬ್ಬರು ಆ ಜೀನ್ ಹೊತ್ತಿದ್ದು ಅದೇ ಮಗ ಸಂಬಂಧವಿಲ್ಲದ ಮನೆಯಿಂದ ಹೆಣ್ಣು ತಂದಿದ್ದರೆ 1/800 ಆಗುತ್ತಿತ್ತು. ಸಂಬಂಧದ ಮದುವೆಯಿಂದ ಕಾಯಿಲೆ ಹುಟ್ಟುವುದಿಲ್ಲ, ಎರಡು ಕಡೆ ಅಡಗಿದ್ದ ಒಂದೇ ಜೀನ್ ಒಂದೆಡೆ ಸೇರುವ ಸಂಭವ ಹೆಚ್ಚುತ್ತದೆ. ಜೀನೇ ಇಲ್ಲದ ಮನೆತನದಲ್ಲಿ ಆ ಕಾಯಿಲೆ ಬರುವ ಕಾರಣವೂ ಇಲ್ಲ.

ಗುಣ ಹೆಚ್ಚಾಗಿ ಗಂಡಸರಲ್ಲೇ ಕಂಡು, ತಾಯಿಯ ತಂದೆಗೋ ಸೋದರಮಾವನಿಗೋ ಇದ್ದು, ನಡುವಿನ ಹೆಣ್ಣುಮಕ್ಕಳಲ್ಲಿ ಕಾಣದಿದ್ದರೆ ಎಕ್ಸ್ ಕ್ರೋಮೋಸೋಮಿನ ಜೀನನ್ನು ನೆನೆಯಬೇಕು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ನಿಭಾಯಿಸುತ್ತದೆ, ಗಂಡಿಗಿರುವುದು ಒಂದೇ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಮತ್ತು ಕೆಂಪು ಹಸಿರು ಬಣ್ಣಗುರುಡು ಹೀಗೆ ಸಾಗುತ್ತವೆ. ಹಣ್ಣು ಕೊಯ್ಯುವಾಗ ಹಸಿರು ಕಾಯಿಯನ್ನೂ ಬುಟ್ಟಿಗೆ ಹಾಕುತ್ತಾನೆಂದು ದಿನವೂ ಬೈಸಿಕೊಳ್ಳುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬ ಸೋಮಾರಿಯಾಗಿರಲಿಲ್ಲ, ಎಲೆಯ ನಡುವೆ ಹಣ್ಣು ಅವನಿಗೆ ಬೇರೆಯಾಗಿ ಕಾಣುತ್ತಿರಲಿಲ್ಲ. ವಿಚಾರಿಸಿದಾಗ ಅವನ ತಾಯಿಯ ತಂದೆಯೂ ಹಾಗೆಯೇ ಇದ್ದರೆಂದು ತಿಳಿಯಿತು. ಇದೇ ಕ್ರೋಮೋಸೋಮುಗಳ ಲೆಕ್ಕದಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಎಕ್ಸ್ ಬಂತೋ ವೈ ಬಂತೋ ಎಂಬುದರ ಮೇಲೆ ನಿಂತಿದೆ. ತಾಯಿ ಕೊಡಬಲ್ಲದ್ದು ಎಕ್ಸ್ ಮಾತ್ರ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಅತ್ತೆಗೆ ಯಾರಾದರೂ ಈ ಚೌಕವನ್ನು ಬರೆದು ತೋರಿಸಬೇಕು.

ರಕ್ತದ ಗುಂಪು ಮತ್ತು ಕೆಲವು ಎಚ್ಚರಿಕೆಗಳು

ರಕ್ತದ ಗುಂಪು ಬಹುತೇಕ ಮನೆಗಳಲ್ಲಿ ಬರೆದಿಟ್ಟಿರುವುದರಿಂದ ಅಭ್ಯಾಸಕ್ಕೆ ಅನುಕೂಲ. ಎ ಮತ್ತು ಬಿ ಒಂದನ್ನೊಂದು ಮುಚ್ಚುವುದಿಲ್ಲ, ಓ ಎರಡರ ಮುಂದೆಯೂ ಅಡಗುತ್ತದೆ. ತಂದೆ ಓ, ತಾಯಿ ಎಬಿ ಆದರೆ ಮಕ್ಕಳು ಎ ಅಥವಾ ಬಿ. ಒಂದು ಮಗುವೂ ಇಬ್ಬರಲ್ಲಿ ಯಾರ ಗುಂಪನ್ನೂ ಹೋಲುವುದಿಲ್ಲ, ಮತ್ತು ಅದು ಸರಿಯಾದದ್ದೇ. ಒಳಗೆ ಓ ಅಡಗಿರುವ ಎ ಮತ್ತು ಬಿ ದಂಪತಿಗೆ ನಾಲ್ಕೂ ಗುಂಪಿನ ಮಕ್ಕಳಾಗಬಹುದು. ಈ ಚೌಕಕ್ಕೆ ಹೊಂದದ ಗುಂಪು ಬಂದರೆ ಮನೆಯಲ್ಲಿ ಅನುಮಾನದ ಮಾತೆತ್ತುವ ಮೊದಲು ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದು ಕಾಣುವ, 1952ರಲ್ಲಿ ಮುಂಬಯಿಯಲ್ಲಿ ಗುರುತಿಸಲಾದ ಬಾಂಬೆ ರಕ್ತದ ಗುಂಪಿನವರ ಮಕ್ಕಳಲ್ಲಿ ಎ ಅಥವಾ ಬಿ ಅನಿರೀಕ್ಷಿತವಾಗಿ ಕಾಣಿಸಿಕೊಳ್ಳಬಹುದು. ಅವರ ಎ, ಬಿ ಜೀನುಗಳನ್ನು ಬೇರೊಂದು ಜೀನಿನ ಕೊರತೆ ಮರೆಮಾಡಿರುತ್ತದೆ.

ಎತ್ತರ, ಮೈಬಣ್ಣ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ನಾಲ್ಕು ಮನೆಯ ಚೌಕಕ್ಕೆ ತರಬೇಡಿ. ಅವುಗಳ ಹಿಂದೆ ಹಲವಾರು ಜೀನುಗಳೂ, ಊಟ, ದುಡಿಮೆಗಳೂ ಇರುತ್ತವೆ. ನಾಲಿಗೆ ಸುರುಳಿ ಮಾಡುವುದನ್ನು ಒಂದೇ ಪ್ರಬಲ ಜೀನಿನ ಗುಣವೆಂದು ತರಗತಿಗಳಲ್ಲಿ ಈಗಲೂ ಹೇಳುವುದುಂಟು, ನಾನೂ ಹೇಳಿದ್ದೇನೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ ಉದಾಹರಣೆಗಳಿರುವುದರಿಂದ ಅದು ನಿಲ್ಲುವುದಿಲ್ಲ.

ವಂಶವೃಕ್ಷದಲ್ಲಿ ಕಾಯಿಲೆಯ ಸಾಲು ಕಂಡರೆ ಮನೆಯಲ್ಲೇ ತೀರ್ಮಾನಿಸದೆ, ಹಾಳೆಯನ್ನು ಮದುವೆಗೆ ಅಥವಾ ಮುಂದಿನ ಬಸಿರಿಗೆ ಮೊದಲೇ ವೈದ್ಯರ ಬಳಿ ಒಯ್ಯಿರಿ. ಪ್ರತಿ ಕಪ್ಪು ಗುರುತಿನ ಪಕ್ಕದಲ್ಲಿ ಕಾಯಿಲೆ ಯಾವ ವಯಸ್ಸಿನಲ್ಲಿ ಕಾಣಿಸಿತು, ತೀರಿಕೊಂಡಿದ್ದರೆ ಯಾವ ವಯಸ್ಸಿನಲ್ಲಿ, ಹಳೆಯ ಪರೀಕ್ಷೆಯ ಚೀಟಿ ಯಾರ ಬಳಿ ಇದೆ ಎಂದು ಬರೆದಿರಬೇಕು. ಕೇಳಿ ತಿಳಿದದ್ದನ್ನು ಪೆನ್ಸಿಲಿನಲ್ಲೂ, ಚೀಟಿ ನೋಡಿ ಬರೆದದ್ದನ್ನು ಶಾಯಿಯಲ್ಲೂ ಬರೆದಿದ್ದರೆ ಅವರ ಕೆಲಸ ಇನ್ನೂ ಸುಲಭವಾಗುತ್ತದೆ.